ಆರು ಚುಕ್ಕಿಗಳ ಲೂಯಿ ಬ್ರೈಲ್

ಮಕ್ಕಳೇ, ಒಂದು ಸಣ್ಣ ಪ್ರಯೋಗ ಮಾಡಿ. ನಿಮ್ಮ ಪಠ್ಯಪುಸ್ತಕದ ಯಾವುದಾದರೂ ಒಂದು ಪುಟ ತೆರೆಯಿರಿ. ಕಣ್ಣು ಮುಚ್ಚಿಕೊಂಡು ತೋರುಬೆರಳನ್ನು ಸಾಲುಗಳ ಮೇಲೆ ನಿಧಾನವಾಗಿ ಆಡಿಸಿ. ಓದಲು ಬಂದಿತೇ? ಇಲ್ಲ, ಅಲ್ಲವೇ? ಬೆರಳಿಗೆ ಸಿಕ್ಕಿದ್ದು ನುಣುಪಾದ ಕಾಗದ ಮಾತ್ರ. ಪುಟದ ತುಂಬ ಅಕ್ಷರಗಳಿವೆ. ಆದರೆ ಅವು ಕಣ್ಣಿಗಾಗಿ ಮಾಡಿದ ಅಕ್ಷರಗಳು, ಬೆರಳಿಗಾಗಿ ಮಾಡಿದವಲ್ಲ.

ಬೆರಳಿಗೆಂದೇ ಅಕ್ಷರಗಳನ್ನು ರೂಪಿಸಿದ ಒಬ್ಬ ಹುಡುಗನಿದ್ದ. ಆಗ ಅವನ ವಯಸ್ಸು ಕೇವಲ 15. ಅವನ ಹೆಸರು ಲೂಯಿ ಬ್ರೈಲ್. ಅವನ ಕಥೆಯನ್ನು ತಿಳಿಯೋಣ ಬನ್ನಿ.

ಅಪ್ಪನ ದಬ್ಬಳ

ಫ್ರಾನ್ಸ್ ದೇಶದ ಪ್ಯಾರಿಸ್ ನಗರದ ಪೂರ್ವಕ್ಕೆ ಕೂಪ್ವ್ರೇ ಎಂಬ ಹಳ್ಳಿಯಿದೆ. ಲೂಯಿ ಹುಟ್ಟಿದ್ದು ಅಲ್ಲಿ, 1809ರ ಜನವರಿ 4ರಂದು. ನಾಲ್ವರು ಮಕ್ಕಳಲ್ಲಿ ಅವನೇ ಕಿರಿಯ. ತಂದೆ ಸಿಮೋನ್ ರೆನೆ ಕುದುರೆಗಳಿಗೆ ಜೀನು, ಲಗಾಮು ಮಾಡುವ ಕಸುಬಿನವರು. ಮನೆಗೆ ಹೊಂದಿಕೊಂಡೇ ಅವರ ಕೆಲಸದ ಕೋಣೆ. ಅಲ್ಲಿ ಚರ್ಮದ ಪಟ್ಟಿಗಳು, ಕತ್ತಿಗಳು ಮತ್ತು ಚರ್ಮಕ್ಕೆ ತೂತು ಹಾಕುವ ಚೂಪಾದ ದಬ್ಬಳಗಳು ಇರುತ್ತಿದ್ದವು.

ಲೂಯಿಗೆ ಮೂರು ವರ್ಷ. ಅಪ್ಪ ಮಾಡುವುದನ್ನು ತಾನೂ ಮಾಡಬೇಕೆಂಬ ಆಸೆ. ಒಂದು ದಿನ ಚರ್ಮಕ್ಕೆ ತೂತು ಹಾಕಲು ಹೋದ. ಸಾಧನ ಜಾರಿ ಒಂದು ಕಣ್ಣಿಗೆ ಚುಚ್ಚಿತು. ಗಾಯ ಕೀವುಗಟ್ಟಿತು. ಆ ಕಾಲದಲ್ಲಿ ಇಂದಿನಂತೆ ಸೋಂಕು ತಡೆಯುವ ಔಷಧಗಳಿರಲಿಲ್ಲ. ಸೋಂಕು ಇನ್ನೊಂದು ಕಣ್ಣಿಗೂ ಹರಡಿತು. ಐದು ವರ್ಷ ತುಂಬುವ ಹೊತ್ತಿಗೆ ಅವನಿಗೆ ಏನೂ ಕಾಣದಾಯಿತು.

ಆಗಿನ ಕಾಲದಲ್ಲಿ ಕಣ್ಣಿಲ್ಲದ ಅನೇಕ ಮಕ್ಕಳು ಭಿಕ್ಷೆ ಬೇಡಿ ಬದುಕಬೇಕಾಗಿತ್ತು. ಲೂಯಿಯ ತಂದೆ ತಾಯಿ ಹಾಗೆ ಬಿಡಲಿಲ್ಲ. ಅಪ್ಪ ಕೋಲು ಮಾಡಿಕೊಟ್ಟರು. ಅದನ್ನು ತಟ್ಟುತ್ತ ಹುಡುಗ ಊರಿನ ದಾರಿಗಳನ್ನು ಕಲಿತ. ಊರಿನ ಪಾದ್ರಿ ಮತ್ತು ಶಾಲೆಯ ಮೇಷ್ಟ್ರು ಅವನನ್ನು ಬೇರೆ ಮಕ್ಕಳ ಜೊತೆಯಲ್ಲೇ ತರಗತಿಯಲ್ಲಿ ಕೂರಿಸಿದರು. ಕೇಳಿದ್ದನ್ನೆಲ್ಲ ನೆನಪಿಟ್ಟುಕೊಂಡು ಅವನು ಚೆನ್ನಾಗಿ ಕಲಿತ. ಆದರೆ ಉಳಿದವರು ಪುಸ್ತಕ ತೆರೆದಾಗ ಅವನು ಸುಮ್ಮನೆ ಕೂರಬೇಕಾಗಿತ್ತು.

ಉಬ್ಬು ಅಕ್ಷರಗಳ ಶಾಲೆ

1819ರಲ್ಲಿ, ಹತ್ತು ವರ್ಷದ ಲೂಯಿ ಪ್ಯಾರಿಸ್‌ನ ಅಂಧ ಮಕ್ಕಳ ಶಾಲೆಗೆ ಸೇರಿದ. 1780ರ ದಶಕದಲ್ಲಿ ಆ ಶಾಲೆಯನ್ನು ಆರಂಭಿಸಿದವರು ವ್ಯಾಲೆಂಟಿನ್ ಹಾಯುಯಿ. ಕಣ್ಣಿಲ್ಲದವರೂ ಓದಬಲ್ಲರು ಎಂದು ನಂಬಿದ ಅವರು ಅದಕ್ಕೊಂದು ಉಪಾಯ ಹುಡುಕಿದ್ದರು. ದಪ್ಪ ಕಾಗದವನ್ನು ಒದ್ದೆ ಮಾಡಿ, ಅಚ್ಚುಗಳ ಮೇಲೆ ಒತ್ತಿ, ಉಬ್ಬಿದ ದೊಡ್ಡ ಅಕ್ಷರಗಳನ್ನು ಮೂಡಿಸುತ್ತಿದ್ದರು. ಮಕ್ಕಳು ಆ ಅಕ್ಷರಗಳನ್ನು ಸವರಿ ಓದಬೇಕು.

ಇದು ಒಳ್ಳೆಯ ಆರಂಭವೇ. ಆದರೆ ತೊಂದರೆಗಳೂ ಇದ್ದವು. ಅಕ್ಷರ ದೊಡ್ಡದಾದ್ದರಿಂದ ಪುಟಕ್ಕೆ ಕೆಲವೇ ಪದ ಹಿಡಿಯುತ್ತಿದ್ದವು. ಪುಸ್ತಕಗಳು ತುಂಬ ಭಾರ, ಸಂಖ್ಯೆಯಲ್ಲಿ ಬಹಳ ಕಡಿಮೆ. ಒಂದೊಂದು ಅಕ್ಷರದ ಸುತ್ತಲೂ ಬೆರಳಾಡಿಸಿ ಅದರ ಆಕಾರ ಗುರುತಿಸುವಷ್ಟರಲ್ಲಿ ವಾಕ್ಯದ ಮೊದಲ ಪದವೇ ಮರೆತುಹೋಗುತ್ತಿತ್ತು! ಎಲ್ಲಕ್ಕಿಂತ ದೊಡ್ಡ ಕೊರತೆ ಇನ್ನೊಂದಿತ್ತು. ಆ ಅಕ್ಷರಗಳನ್ನು ಮಕ್ಕಳು ತಾವೇ ಬರೆಯಲು ಸಾಧ್ಯವಿರಲಿಲ್ಲ. ಮನೆಗೆ ಒಂದು ಪತ್ರ ಬರೆಯಬೇಕೆಂದರೂ ಬೇರೆಯವರನ್ನು ಬೇಡಬೇಕಿತ್ತು. ತನ್ನ ಗುಟ್ಟನ್ನು ಮೊದಲು ಬೇರೆಯವರಿಗೆ ಹೇಳಬೇಕಿತ್ತು.

ಹನ್ನೆರಡರಿಂದ ಆರಕ್ಕೆ

1821ರಲ್ಲಿ ಶಾರ್ಲ್ ಬಾರ್ಬಿಯೇ ಎಂಬ ಮಾಜಿ ಸೈನ್ಯಾಧಿಕಾರಿ ಹೊಸದೊಂದು ಬರವಣಿಗೆಯನ್ನು ಆ ಶಾಲೆಗೆ ತಂದರು. ಅದರಲ್ಲಿ ಅಕ್ಷರಗಳ ಬದಲು ಕಾಗದದ ಮೇಲೆ ಉಬ್ಬಿದ ಚುಕ್ಕಿಗಳಿದ್ದವು. ಮೊನೆಯುಳ್ಳ ಕಡ್ಡಿಯಿಂದ ಕಾಗದವನ್ನು ಒತ್ತಿ ಅವನ್ನು ಯಾರು ಬೇಕಾದರೂ ಬರೆಯಬಹುದಿತ್ತು. ಮಕ್ಕಳಿಗೆ ಖುಷಿಯೋ ಖುಷಿ! ಗೆರೆಗಿಂತ ಚುಕ್ಕಿ ಬೆರಳಿಗೆ ಬೇಗ ತಿಳಿಯುತ್ತದೆ ಎಂಬುದು ಅವರಿಗೆ ಕೂಡಲೇ ಗೊತ್ತಾಯಿತು.

ಹನ್ನೆರಡು ವರ್ಷದ ಲೂಯಿಯೂ ಇದನ್ನು ಕಲಿತ. ಕಲಿಯುತ್ತಲೇ ಅದರ ಕುಂದುಗಳನ್ನೂ ಕಂಡುಕೊಂಡ. ಒಂದು ಗುರುತಿಗೆ ಎರಡು ಸಾಲುಗಳಲ್ಲಿ ಒಟ್ಟು ಹನ್ನೆರಡು ಚುಕ್ಕಿಗಳವರೆಗೆ ಬೇಕಿತ್ತು. ಅಷ್ಟು ಚುಕ್ಕಿಗಳು ಬೆರಳ ತುದಿಯಲ್ಲಿ ಹಿಡಿಯುವುದಿಲ್ಲ. ಬೆರಳನ್ನು ಮೇಲೆ ಕೆಳಗೆ ಆಡಿಸಲೇಬೇಕು. ಅಲ್ಲದೆ ಅದು ಉಚ್ಚಾರಣೆಯನ್ನು ಬರೆಯುವ ಪದ್ಧತಿ. ಕಾಗುಣಿತ ಕಲಿಯಲಾಗದು. ಪೂರ್ಣವಿರಾಮ, ಅಲ್ಪವಿರಾಮಗಳೂ ಇಲ್ಲ.

ಲೂಯಿ ಹಟ ಹಿಡಿದು ಕೂತ. ಬಿಡುವಿನ ವೇಳೆಯಲ್ಲಿ, ರಜೆಯಲ್ಲಿ ಊರಿಗೆ ಹೋದಾಗ, ಕಾಗದವನ್ನು ಚುಚ್ಚುತ್ತ ನೂರಾರು ಜೋಡಣೆಗಳನ್ನು ಪರೀಕ್ಷಿಸಿದ. 1824ರ ಹೊತ್ತಿಗೆ ಅವನ ಹೊಸ ಲಿಪಿ ಒಂದು ರೂಪಕ್ಕೆ ಬಂದಿತು. ಅದರಲ್ಲಿ ಇದ್ದದ್ದು ಆರೇ ಚುಕ್ಕಿ! ಒಂದರ ಕೆಳಗೊಂದು ಮೂರು, ಪಕ್ಕದಲ್ಲಿ ಇನ್ನು ಮೂರು. ಇಡೀ ಗುರುತು ಬೆರಳ ತುದಿಗೆ ಒಂದೇ ಸಲ ಸಿಗುತ್ತದೆ.

ಅವನ ಕಣ್ಣು ಕಳೆದದ್ದು ಚುಚ್ಚುವ ಒಂದು ಸಾಧನ. ಅಂಥದೇ ಚುಚ್ಚುವ ಸಾಧನದಿಂದ ಅವನು ಅಕ್ಷರಗಳನ್ನು ಪಡೆದ!

ಆರು ಚುಕ್ಕಿಗಳು ಸಾಕೇ?

ನೀವು ಕೇಳಬಹುದು, ಆರೇ ಚುಕ್ಕಿಗಳಿಂದ ಎಲ್ಲ ಅಕ್ಷರಗಳನ್ನೂ ಬರೆಯಲು ಆಗುತ್ತದೆಯೇ? ಲೆಕ್ಕ ಹಾಕೋಣ. ಪ್ರತಿಯೊಂದು ಚುಕ್ಕಿಗೂ ಎರಡು ಸ್ಥಿತಿ: ಉಬ್ಬಿರಬಹುದು ಅಥವಾ ಸಮತಟ್ಟಾಗಿರಬಹುದು. ಆರು ಚುಕ್ಕಿಗಳಿಗೆ 2 x 2 x 2 x 2 x 2 x 2 = 64 ಜೋಡಣೆಗಳು. ಅದರಲ್ಲಿ ಒಂದೂ ಚುಕ್ಕಿ ಉಬ್ಬಿರದ ಖಾಲಿ ಮನೆಯನ್ನು ಬಿಟ್ಟರೆ 63 ಉಳಿಯುತ್ತವೆ. ಅಕ್ಷರಗಳಿಗೂ ವಿರಾಮ ಚಿಹ್ನೆಗಳಿಗೂ ಅಷ್ಟು ಸಾಕು.

ಲೂಯಿ ಇವನ್ನು ಮನಬಂದಂತೆ ಹಂಚಲಿಲ್ಲ. ಮೊದಲ ಹತ್ತು ಅಕ್ಷರಗಳಿಗೆ ಮೇಲಿನ ನಾಲ್ಕು ಚುಕ್ಕಿಗಳನ್ನು ಮಾತ್ರ ಬಳಸಿದ. ಮುಂದಿನ ಹತ್ತಕ್ಕೆ ಅವೇ ಗುರುತುಗಳ ಕೆಳಗೆ ಎಡಗಡೆ ಒಂದು ಚುಕ್ಕಿ ಸೇರಿಸಿದ. ಹತ್ತು ಕಲಿತರೆ ಇಪ್ಪತ್ತು ಬಂದಂತೆಯೇ!

1829ರಲ್ಲಿ ಈ ಲಿಪಿಯ ವಿವರಣೆ ಪುಸ್ತಕವಾಗಿ ಪ್ರಕಟವಾಯಿತು. ಅದರಲ್ಲಿ ಸಂಗೀತವನ್ನು ಬರೆಯುವ ರೀತಿಯೂ ಇತ್ತು. ಆಗ ಚುಕ್ಕಿಗಳ ಜೊತೆ ಚಿಕ್ಕ ಗೆರೆಗಳೂ ಇದ್ದವು. ಬಳಸಿ ನೋಡಿದಾಗ ಗೆರೆಗಳು ತೊಡಕೆನಿಸಿದವು. 1837ರ ಆವೃತ್ತಿಯಲ್ಲಿ ಬ್ರೈಲ್ ಅವನ್ನು ಕೈಬಿಟ್ಟರು.

ನಿಷೇಧ

ಅಷ್ಟರಲ್ಲಿ ಲೂಯಿ ಬ್ರೈಲ್ ತಾವು ಕಲಿತ ಶಾಲೆಯಲ್ಲಿಯೇ ಉಪಾಧ್ಯಾಯರಾಗಿದ್ದರು. ಪ್ಯಾರಿಸ್‌ನ ಚರ್ಚುಗಳಲ್ಲಿ ಆರ್ಗನ್ ವಾದ್ಯ ನುಡಿಸುತ್ತಿದ್ದರು. ವಿದ್ಯಾರ್ಥಿಗಳಿಗೆ ಅವರೆಂದರೆ ಅಚ್ಚುಮೆಚ್ಚು. ಆದರೆ 1840ರಲ್ಲಿ ಶಾಲೆಗೆ ಹೊಸ ಮುಖ್ಯಸ್ಥರು ಬಂದರು. ಅವರಿಗೆ ಚುಕ್ಕಿ ಲಿಪಿ ಒಪ್ಪಿಗೆಯಾಗಲಿಲ್ಲ. ಕಣ್ಣಿದ್ದವರಿಗೂ ಇಲ್ಲದವರಿಗೂ ಒಂದೇ ಬಗೆಯ ಅಕ್ಷರ ಇರಬೇಕು, ಬೇರೆ ಲಿಪಿ ಕಲಿತರೆ ಅಂಧ ಮಕ್ಕಳು ಜನರಿಂದ ದೂರವಾಗುತ್ತಾರೆ ಎಂಬುದು ಅಂಥವರ ವಾದ. ಶಾಲೆಯಲ್ಲಿ ಆರು ಚುಕ್ಕಿಗಳ ಲಿಪಿ ನಿಂತಿತು.

ಆ ವಾದ ಸರಿಯೆಂದು ನಿಮಗೆ ಅನಿಸುತ್ತದೆಯೇ? ಮೊದಲಿನ ನಿಮ್ಮ ಪ್ರಯೋಗವನ್ನು ನೆನಪಿಸಿಕೊಳ್ಳಿ. ಎಲ್ಲರಿಗೂ ಒಂದೇ ಪುಟ ಕೊಟ್ಟ ಮಾತ್ರಕ್ಕೆ ಎಲ್ಲರೂ ಓದಿದಂತಾಯಿತೇ?

ಬ್ರೈಲ್ ಜಗಳಕ್ಕೆ ಹೋಗಲಿಲ್ಲ. ಕಣ್ಣಿದ್ದವರೊಡನೆ ಪತ್ರ ವ್ಯವಹಾರ ಮಾಡಲು ಅವರು 1839ರಲ್ಲೇ ಇನ್ನೊಂದು ದಾರಿ ಮಾಡಿದ್ದರು. ಚುಕ್ಕಿಗಳನ್ನು ಸಾಲಾಗಿ ಚುಚ್ಚಿ ಸಾಮಾನ್ಯ ಅಕ್ಷರಗಳ ಆಕಾರ ಮೂಡಿಸುವ ವಿಧಾನ ಅದು. ಅದರಲ್ಲಿ ಮಗ ಬರೆದ ಪತ್ರವನ್ನು ಊರಿನಲ್ಲಿ ತಾಯಿ ಓದಬಹುದು. ಅವರ ಅಂಧ ಗೆಳೆಯ ಪಿಯರ್ ಫೂಕೋ ಇದಕ್ಕಾಗಿ ಒಂದು ಯಂತ್ರವನ್ನೂ ತಯಾರಿಸಿದರು.

ಇತ್ತ ವಿದ್ಯಾರ್ಥಿಗಳು ಸುಮ್ಮನಿರಲಿಲ್ಲ. ಕದ್ದುಮುಚ್ಚಿ ಚುಕ್ಕಿ ಲಿಪಿಯಲ್ಲೇ ಬರೆದುಕೊಂಡರು, ಕಿರಿಯರಿಗೂ ಕಲಿಸಿದರು. ಒಮ್ಮೆ ಸ್ವಂತವಾಗಿ ಬರೆಯಲು ಕಲಿತವರು ಅದನ್ನು ಬಿಟ್ಟುಕೊಡುವುದುಂಟೇ? ಕೊನೆಗೆ ಉಪ ಮುಖ್ಯಸ್ಥರಾಗಿದ್ದ ಗಾದೆ ಎಂಬುವರು ಮನಸ್ಸು ಬದಲಾಯಿಸಿ, ಮುಖ್ಯಸ್ಥರನ್ನೂ ಒಪ್ಪಿಸಿದರು. 1844ರಲ್ಲಿ ಶಾಲೆಯ ಹೊಸ ಕಟ್ಟಡದ ಪ್ರಾರಂಭೋತ್ಸವದಂದು ಜನರೆದುರು ಈ ಲಿಪಿಯ ಪ್ರದರ್ಶನ ನಡೆಯಿತು. ಹೇಳಿದ್ದನ್ನು ಒಂದು ಮಗು ಚುಕ್ಕಿಗಳಲ್ಲಿ ಬರೆದುಕೊಂಡಿತು. ಆಗ ಹೊರಗಿದ್ದ ಇನ್ನೊಂದು ಮಗು ಒಳಗೆ ಬಂದು ಅದನ್ನು ಬೆರಳಿನಿಂದ ಓದಿ ಹೇಳಿತು. ಇದಕ್ಕಿಂತ ಸಾಕ್ಷಿ ಬೇಕೇ?

ಬ್ರೈಲ್ ಅವರಿಗೆ ಯೌವನದಲ್ಲೇ ಕ್ಷಯರೋಗ ಅಂಟಿತ್ತು. 1852ರ ಜನವರಿ 6ರಂದು, 43 ತುಂಬಿ ಎರಡೇ ದಿನಕ್ಕೆ, ಅವರು ತೀರಿಕೊಂಡರು. ಅವರ ಲಿಪಿಗೆ ಫ್ರಾನ್ಸ್‌ನಲ್ಲಿ ಅಧಿಕೃತ ಮಾನ್ಯತೆ ಸಿಕ್ಕಿದ್ದು 1854ರಲ್ಲಿ. ಅದನ್ನು ನೋಡಲು ಅವರು ಇರಲಿಲ್ಲ. 1952ರಲ್ಲಿ ಅವರ ಅಸ್ಥಿಗಳನ್ನು ಪ್ಯಾರಿಸ್‌ನ ಪ್ಯಾಂಥಿಯನ್ ಸ್ಮಾರಕಕ್ಕೆ ಗೌರವದಿಂದ ಒಯ್ದರು. ಆದರೆ ಕೈಗಳ ಅಸ್ಥಿಗಳನ್ನು ಮಾತ್ರ ಕೂಪ್ವ್ರೇ ಹಳ್ಳಿಯಲ್ಲೇ ಉಳಿಸಿಕೊಂಡರು.

ಕನ್ನಡಕ್ಕೂ ಬ್ರೈಲ್

ನಮ್ಮ ದೇಶದಲ್ಲಿ ಮೊದಲು ಬೇರೆ ಬೇರೆ ಬ್ರೈಲ್ ಪದ್ಧತಿಗಳಿದ್ದವು. 1951ರಲ್ಲಿ ಎಲ್ಲ ಭಾರತೀಯ ಭಾಷೆಗಳಿಗೂ ಹೊಂದುವ ಭಾರತಿ ಬ್ರೈಲ್ ಜಾರಿಗೆ ಬಂದಿತು. ಇದರಲ್ಲಿ ಕನ್ನಡದ ಕ, ಹಿಂದಿಯ ಕ, ತಮಿಳಿನ ಕ, ಎಲ್ಲಕ್ಕೂ ಒಂದೇ ಗುರುತು! ಬ್ರೈಲ್ ಹುಟ್ಟಿ 200 ವರ್ಷ ತುಂಬಿದ 2009ರಲ್ಲಿ ಭಾರತ ಸರ್ಕಾರ ಅವರ ನೆನಪಿಗೆ 2 ರೂಪಾಯಿ ನಾಣ್ಯ ಹೊರಡಿಸಿತು. 2019ರಿಂದ ಅವರ ಹುಟ್ಟುಹಬ್ಬ ವಿಶ್ವ ಬ್ರೈಲ್ ದಿನವಾಗಿದೆ.

ಇಂದಿನ ಹೊಸ ಪುಟಗಳು

ಇಂದು ನಾವು ಓದುವ ಪುಟಗಳೆಲ್ಲ ಕಾಗದದವಲ್ಲ. ಪಹಣಿ, ಪಿಂಚಣಿಯ ಅರ್ಜಿ, ಪರೀಕ್ಷೆಯ ಫಲಿತಾಂಶ ಇವೆಲ್ಲ ಸರ್ಕಾರದ ಜಾಲತಾಣಗಳಲ್ಲಿ ಸಿಗುತ್ತವೆ. ಕಣ್ಣಿಲ್ಲದವರು ಇವನ್ನು ಓದುವುದು ಹೇಗೆ?

ಅದಕ್ಕೆಂದೇ ಪರದೆ ಓದುವ ತಂತ್ರಾಂಶಗಳಿವೆ. ಅವು ಕಂಪ್ಯೂಟರಿನ ಪರದೆಯ ಮೇಲಿರುವ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುತ್ತವೆ. ಕನ್ನಡವನ್ನೂ ಓದುತ್ತವೆ. ಇನ್ನೊಂದು ಸಾಧನದಲ್ಲಿ ಪುಟ್ಟ ಮೊಳೆಗಳು ಮೇಲೆದ್ದು, ಕೆಳಗಿಳಿದು ಬ್ರೈಲ್ ಅಕ್ಷರಗಳಾಗುತ್ತವೆ. ಬೆರಳು ಒಂದು ಸಾಲು ಓದಿ ಮುಗಿಸಿದೊಡನೆ ಮುಂದಿನ ಸಾಲು ಮೂಡುತ್ತದೆ.

ಆದರೆ ಒಂದು ತೊಡಕಿದೆ. ಕಾಗದದ ಸುತ್ತೋಲೆಯ ಫೋಟೋ ತೆಗೆದು ಜಾಲತಾಣಕ್ಕೆ ಹಾಕಿದರೆ ನಮಗೆ ಅದರಲ್ಲಿ ಅಕ್ಷರ ಕಾಣುತ್ತದೆ. ಕಂಪ್ಯೂಟರಿಗೆ ಮಾತ್ರ ಅದು ಬರೀ ಚಿತ್ರ. ಅಕ್ಷರ ಗುರುತಿಸುವ ಬೇರೆ ತಂತ್ರಾಂಶದ ನೆರವಿಲ್ಲದಿದ್ದರೆ ಓದುವ ತಂತ್ರಾಂಶ ಅಲ್ಲಿ ಮೌನವಾಗುತ್ತದೆ. ಕನ್ನಡಕ್ಕೆ ಇನ್ನೊಂದು ತೊಂದರೆಯೂ ಇದೆ. ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ್ದು ಕಣ್ಣಿಗೆ ಕನ್ನಡದಂತೆ ಕಂಡರೂ ಕಂಪ್ಯೂಟರಿನ ಒಳಗೆ ಬೇರೆಯೇ ಸಂಕೇತಗಳಾಗಿರುತ್ತದೆ. ತಂತ್ರಾಂಶ ಅದನ್ನು ಅರ್ಥವಿಲ್ಲದ ಸದ್ದುಗಳಾಗಿ ಓದುತ್ತದೆ! ನೋಡಿದಿರಾ, ಇದೂ ಕಣ್ಣಿಗೆ ಮಾತ್ರ ಮಾಡಿದ ಪುಟವೇ.

ಸರಿಪಡಿಸುವುದು ಕಷ್ಟವಲ್ಲ. ಬರಹವನ್ನು ಯೂನಿಕೋಡ್‌ನಲ್ಲಿ ಕೊಡಬೇಕು. ಪ್ರತಿ ಚಿತ್ರದ ಹಿಂದೆ ಅದು ಏನೆಂದು ಒಂದು ಸಾಲು ಬರೆದಿಡಬೇಕು. ಮೌಸ್ ಇಲ್ಲದೆ ಕೀಲಿಮಣೆಯಿಂದಲೇ ಎಲ್ಲ ಗುಂಡಿಗಳನ್ನೂ ಒತ್ತುವಂತಿರಬೇಕು. ಇದರಿಂದ ಕೈ ನಡುಗುವವರಿಗೂ ಅನುಕೂಲ. ಕಿವಿ ಕೇಳದವರಿಗಾಗಿ ವಿಡಿಯೋದಲ್ಲಿ ಮಾತುಗಳನ್ನು ಬರೆದು ತೋರಿಸಬೇಕು.

ಇಂಥ ಅಂತರರಾಷ್ಟ್ರೀಯ ನಿಯಮಗಳು ಮೊದಲು ಪ್ರಕಟವಾದದ್ದು 1999ರಲ್ಲಿ. ನಾಣ್ಯ ಬಂದ 2009ರಲ್ಲಿಯೇ ನಮ್ಮ ದೇಶದ ಸರ್ಕಾರಿ ಜಾಲತಾಣಗಳಿಗೂ ಮಾರ್ಗಸೂಚಿ ಬಂದಿತು. ವಿಕಲಚೇತನರ ಹಕ್ಕುಗಳ ಕುರಿತ 2016ರ ಕಾಯ್ದೆ ಇದಕ್ಕೆ ಬಲ ಕೊಟ್ಟಿತು. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಇಂಥ ಸೇವೆಗಳು ಎಲ್ಲರ ಕೈಗೆಟುಕುವುದು ಬದುಕುವ ಹಕ್ಕಿನ ಭಾಗವೆಂದು ತೀರ್ಪು ನೀಡಿತು. ನಿಯಮಗಳಿವೆ. ಪ್ರತಿ ಪುಟವನ್ನೂ ಹಾಗೆ ಮಾಡುವ ಕೆಲಸ ಇನ್ನೂ ಬಾಕಿ ಇದೆ. ಮುಂದೆ ನಿಮ್ಮಲ್ಲಿ ಕೆಲವರು ಅಂಥ ಪುಟಗಳನ್ನು ತಯಾರಿಸುವವರಾಗಬಹುದು. ಆಗ ಕೂಪ್ವ್ರೇಯ ಹುಡುಗನನ್ನು ನೆನೆದು, ನಿಮ್ಮ ಪುಟ ಬೆರಳಿಗೂ ಕಿವಿಗೂ ಸಿಗುವುದೇ ಎಂದು ಪರೀಕ್ಷಿಸಿ.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ರಟ್ಟು, ಗೋಂದು, ಸಾಸಿವೆ ಕಾಳು.

ಬ್ರೈಲ್ ಮನೆಯಲ್ಲಿ ಎಡ ಸಾಲಿನ ಚುಕ್ಕಿಗಳಿಗೆ ಮೇಲಿನಿಂದ ಕೆಳಕ್ಕೆ 1, 2, 3 ಎಂದೂ ಬಲ ಸಾಲಿಗೆ 4, 5, 6 ಎಂದೂ ಹೆಸರು. ಕೆಳಗಿನ ಅಕ್ಷರಗಳ ಚುಕ್ಕಿಗಳಿರುವ ಕಡೆ ಮಾತ್ರ ಕಾಳು ಅಂಟಿಸಿ. ಕಾಳುಗಳು ಹತ್ತಿರ ಹತ್ತಿರ ಇರಲಿ.

ಕ: 1, 3
ಮ: 1, 3, 4
ಲ: 1, 2, 3

ಗೋಂದು ಒಣಗಿದ ಮೇಲೆ ಕಣ್ಣು ಮುಚ್ಚಿ ಸವರಿ. ಕಮಲ ಎಂಬ ಪದ ನಿಮ್ಮ ಬೆರಳಿಗೆ ಸಿಕ್ಕಿತೇ? ಇವೇ ಅಕ್ಷರಗಳಿಂದ ಬೇರೆ ಪದಗಳನ್ನೂ ಮಾಡಿ ಗೆಳೆಯರಿಗೆ ಓದಲು ಕೊಡಿ.

ಯೋಚಿಸಿ

1. ಚುಕ್ಕಿಗಳು ಆರರ ಬದಲು ನಾಲ್ಕೇ ಇದ್ದರೆ, ಖಾಲಿ ಮನೆ ಬಿಟ್ಟು ಎಷ್ಟು ಗುರುತುಗಳು ಸಿಗುತ್ತವೆ?
2. ಕಡ್ಡಿಯಿಂದ ಕಾಗದವನ್ನು ಚುಚ್ಚಿ ಬ್ರೈಲ್ ಬರೆಯುವವರು ಬಲದಿಂದ ಎಡಕ್ಕೆ ಬರೆಯುತ್ತಾರೆ. ಏಕೆ?

ಉತ್ತರಗಳು: 1. 15. 2. ಚುಚ್ಚಿದ ಚುಕ್ಕಿ ಉಬ್ಬುವುದು ಕಾಗದದ ಹಿಂಬದಿಯಲ್ಲಿ. ಓದಲು ಕಾಗದವನ್ನು ತಿರುವಿದಾಗ ಬರಹ ಎಡದಿಂದ ಬಲಕ್ಕೆ ಬರುತ್ತದೆ.