ರಂಗನಾಥನ್ ಅವರ ಕಲಿಕೆ

ಗ್ರಂಥಾಲಯಶಾಸ್ತ್ರವೆಂದೊಡನೆ ಭಾರತದಲ್ಲಿ ಮೊದಲು ನೆನಪಾಗುವ ಹೆಸರು ಶಿಯಾಳಿ ರಾಮಾಮೃತ ರಂಗನಾಥನ್ ಅವರದು. ಆಗಸ್ಟ್ 12ರಂದು ಅವರ ಜನ್ಮದಿನವನ್ನು ದೇಶದ ಗ್ರಂಥಪಾಲಕರೆಲ್ಲ ತಮ್ಮ ದಿನವೆಂದು ಆಚರಿಸುತ್ತಾರೆ. ಅಂದು ಅವರ ಭಾವಚಿತ್ರಕ್ಕೆ ಹೂಮಾಲೆ ಬೀಳುತ್ತದೆ. ಅವರ ಐದು ಸೂತ್ರಗಳ ಪಠನವಾಗುತ್ತದೆ. ಉಪಾಹಾರದೊಡನೆ ಸಮಾರಂಭ ಮುಗಿಯುತ್ತದೆ. ಈ ಮಹನೀಯರು ಗ್ರಂಥಪಾಲಕರಾದುದು ಹೇಗೆ, ಆ ವಿದ್ಯೆಯನ್ನು ಅವರು ಕಲಿತುದು ಹೇಗೆ ಎಂಬುದನ್ನು ನೆನೆಯುವವರು ಮಾತ್ರ ವಿರಳ. ಸಾಲಿಗ್ರಾಮದಂಥ ಸಣ್ಣ ಊರಿನಿಂದ ನೋಡುವ ನನಗೆ, ಅವರ ಜೀವಿತದಲ್ಲಿ ಎಲ್ಲಕ್ಕಿಂತ ಮಿಗಿಲಾಗಿ ತೋರುವುದು ಈ ಕಲಿಕೆಯ ಕಥೆಯೇ.

ರಂಗನಾಥನ್ ಜನಿಸಿದುದು 1892ರಲ್ಲಿ, ತಂಜಾವೂರು ಸೀಮೆಯ ಶಿಯಾಳಿಯಲ್ಲಿ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಮದ್ರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿ ಗಣಿತದಲ್ಲಿ ಎಂ.ಎ. ಪದವಿ ಪಡೆದರು. 1917ರಲ್ಲಿ ಸರಕಾರದ ವಿದ್ಯಾ ಇಲಾಖೆಯನ್ನು ಸೇರಿದಾಗ ಅವರು ಅಧ್ಯಾಪನಕ್ಕೆ ಬಂದುದು ನಮ್ಮ ಮಂಗಳೂರಿನ ಸರಕಾರಿ ಕಾಲೇಜಿಗೆ. ಗ್ರಂಥಾಲಯಗಳಿಗೆ ಗಣಿತದ ಕಟ್ಟುನಿಟ್ಟನ್ನು ತಂದಿತ್ತ ಈ ಪುರುಷರು ತಮ್ಮ ತಾರುಣ್ಯದಲ್ಲಿ ನಮ್ಮ ಕರಾವಳಿಯ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರೆಂಬುದು ನಾವು ನೆನಪಿಡತಕ್ಕ ಸಂಗತಿ. ಆ ಬಳಿಕ ಕೊಯಮತ್ತೂರಿಗೂ ಅಲ್ಲಿಂದ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೂ ಹೋದರು. ಅಷ್ಟರಲ್ಲಿ ಒಳ್ಳೆಯ ಮೇಷ್ಟರೆಂಬ ಹೆಸರು ಬಂದಿತ್ತು.

1924ರ ಜನವರಿಯಲ್ಲಿ ಅವರು ಮದ್ರಾಸ್ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಆ ಕೆಲಸದ ವಿಚಾರವಾಗಿ ಅವರಿಗೆ ಅಂದು ಗೊತ್ತಿದ್ದುದು ಅತ್ಯಲ್ಪ. ತರಗತಿಯ ಕಲಕಲಕ್ಕೆ ಒಗ್ಗಿದ್ದ ಮನಸ್ಸಿಗೆ ಪುಸ್ತಕದ ಕೋಣೆಯ ನಿಶ್ಶಬ್ದವು ಸೆರೆಮನೆಯಂತಾಯಿತು. ಕೆಲವೇ ದಿನಗಳಲ್ಲಿ, ತಮ್ಮನ್ನು ಹಿಂದಿನ ಅಧ್ಯಾಪಕ ಹುದ್ದೆಗೇ ಕಳುಹಿಸಬೇಕೆಂದು ಅವರು ಬೇಡಿಕೊಂಡರು. ಹಿರಿಯರು ಅವರನ್ನು ಬಯ್ಯಲಿಲ್ಲ, ಬಿಟ್ಟುಕೊಡಲೂ ಇಲ್ಲ. ಇಂಗ್ಲೆಂಡಿಗೆ ಹೋಗಿ ಈ ವಿದ್ಯೆಯನ್ನು ಕಲಿತು ಬನ್ನಿರಿ, ಆ ಮೇಲೆಯೂ ಮನಸ್ಸು ಒಪ್ಪದಿದ್ದರೆ ಅಧ್ಯಾಪನಕ್ಕೇ ಮರಳಬಹುದು ಎಂದು ಸಮಾಧಾನ ಹೇಳಿದರು. ಮುಂದಿನ ಚರಿತ್ರೆಯೆಲ್ಲ ಹುಟ್ಟಿದುದು ಈ ಒಂದು ವಿವೇಕದಿಂದ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಬರ್ವಿಕ್ ಸೇಯರ್ಸ್ ಅವರು ರಂಗನಾಥನ್ನರ ಗುರುಗಳಾದರು. ಶಿಷ್ಯನು ಪಾಠದ ಕೋಣೆಯಲ್ಲಿಯೇ ನಿಲ್ಲಲಿಲ್ಲ. ಊರೂರು ತಿರುಗಿ ಗ್ರಂಥಾಲಯಗಳನ್ನು ಕಂಡರು. ಅಲ್ಲಿ ಕೂಲಿಕಾರರೂ ಗೃಹಿಣಿಯರೂ ಮಕ್ಕಳೂ ಹಕ್ಕಿನಿಂದ ಪುಸ್ತಕ ಒಯ್ಯುತ್ತಿದ್ದರು. ಪುಸ್ತಕವೆಂದರೆ ಕಾಪಾಡಿಡುವ ಒಡವೆಯಲ್ಲ, ಕೈಯಿಂದ ಕೈಗೆ ನಡೆಯಬೇಕಾದ ವಸ್ತು ಎಂಬುದು ಅವರಿಗೆ ಅಲ್ಲಿ ಮನದಟ್ಟಾಯಿತು.

ಲಂಡನ್ನಿನ ಒಂದು ದೊಡ್ಡ ಅಂಗಡಿಯಲ್ಲಿ ಅವರು ಮೆಕ್ಯಾನೋ ಎಂಬ ಆಟಿಕೆಯನ್ನು ಕಂಡರು. ಅದೇ ಲೋಹದ ಪಟ್ಟಿ, ಅದೇ ಚಕ್ರ, ಅದೇ ತಿರುಪು. ಜೋಡಿಸುವ ಬಗೆ ಬೇರೆಯಾದರೆ ಒಮ್ಮೆ ಸೇತುವೆ, ಒಮ್ಮೆ ಬಂಡಿ. ಜ್ಞಾನವನ್ನೂ ಹೀಗೆಯೇ ಬಿಡಿಸಿ ಜೋಡಿಸಬಾರದೇಕೆ ಎಂದು ಅವರಿಗೆ ತೋರಿತು. ದಕ್ಷಿಣ ಕನ್ನಡದ ಭತ್ತದ ರೋಗಗಳನ್ನು ಕುರಿತು ಒಂದು ಪುಸ್ತಕವಿದೆಯೆನ್ನಿ. ಅದಕ್ಕೆ ಸಿದ್ಧವಾದ ಒಂದೇ ಗೂಡನ್ನು ಹುಡುಕಬೇಕಾಗಿಲ್ಲ. ಬೇಸಾಯ, ಭತ್ತ, ರೋಗ, ಸ್ಥಳ, ಕಾಲ ಎಂಬ ಮುಖಗಳನ್ನು ಬೇರೆ ಬೇರೆ ಗುರುತಿಸಿ, ನಡುವೆ ಚಿಹ್ನೆಗಳನ್ನಿಟ್ಟು ಕೂಡಿಸಿದರೆ ಪುಸ್ತಕದ ಸ್ಥಾನ ತಾನಾಗಿಯೇ ಏರ್ಪಡುತ್ತದೆ. 1933ರಲ್ಲಿ ಪ್ರಕಟವಾದ ಕೋಲನ್ ವರ್ಗೀಕರಣದ ತಿರುಳು ಇದೇ. ಹಿಂದಿರುಗುವ ಹಡಗಿನಲ್ಲಿಯೇ ಅಲ್ಲಿಯ ಪುಸ್ತಕಗಳ ಮೇಲೆ ಅವರು ಈ ಕ್ರಮವನ್ನು ಪರೀಕ್ಷಿಸಿ ನೋಡಿದರಂತೆ. 1925ರಲ್ಲಿ ಮದ್ರಾಸಿಗೆ ಮರಳಿದವರಿಗೆ ಅಧ್ಯಾಪನದ ಹಂಬಲ ಉಳಿದಿರಲಿಲ್ಲ.

ಉಳಿದಿರಲಿಲ್ಲವೆನ್ನುವುದಕ್ಕಿಂತ, ಅದು ಬೇರೊಂದು ರೂಪ ತಾಳಿತೆನ್ನುವುದೇ ಸರಿ. ತಾವು ಕಲಿತುದನ್ನು ತಮ್ಮಲ್ಲಿಯೇ ಇರಿಸಿಕೊಳ್ಳದೆ, 1928ರಲ್ಲಿ ಮದ್ರಾಸ್ ಗ್ರಂಥಾಲಯ ಸಂಘದ ಸ್ಥಾಪನೆಗೆ ಕಾರಣರಾದರು. 1929ರಲ್ಲಿ ಸಂಘದ ವತಿಯಿಂದ ಗ್ರಂಥಪಾಲಕರಿಗಾಗಿ ಬೇಸಗೆಯ ಶಾಲೆಯನ್ನು ತೆರೆದರು. ಎರಡು ವರ್ಷಗಳ ಬಳಿಕ ವಿಶ್ವವಿದ್ಯಾನಿಲಯವೇ ಆ ಶಾಲೆಯನ್ನು ವಹಿಸಿಕೊಂಡಿತು. 1937ರಲ್ಲಿ ಅದು ಪೂರ್ಣಾವಧಿಯ ಡಿಪ್ಲೊಮಾ ತರಗತಿಯಾಯಿತು. ಐದು ಸೂತ್ರಗಳ ಗ್ರಂಥ ಹೊರಬಂದುದು 1931ರಲ್ಲಿ. ಅವುಗಳಲ್ಲಿ ಕೊನೆಯದು, ಗ್ರಂಥಾಲಯವು ಬೆಳೆಯುತ್ತಲೇ ಇರುವ ಜೀವಿ ಎಂಬ ಅರ್ಥದ್ದು. ಕಪಾಟುಗಳು ಹೆಚ್ಚುವುದಷ್ಟೇ ಬೆಳವಣಿಗೆಯಲ್ಲ. ಗ್ರಂಥಾಲಯ ಬೆಳೆದು ಗ್ರಂಥಪಾಲಕ ನಿಂತಲ್ಲಿಯೇ ನಿಂತರೆ, ಆ ಜೀವಿಗೆ ಮೈ ಬಂದಿತೇ ಹೊರತು ಬುದ್ಧಿ ಬರಲಿಲ್ಲವೆಂದೇ ಹೇಳಬೇಕು.

1945ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯಕ್ಕೂ 1947ರಲ್ಲಿ ದೆಹಲಿಗೂ ಅವರು ಹೋದರು. ದೆಹಲಿಯಲ್ಲಿ ಕೆಲಸದಲ್ಲಿದ್ದ ಗ್ರಂಥಪಾಲಕರನ್ನು ಮನೆಗೇ ಕರೆದು ಗೋಷ್ಠಿ ನಡೆಸುತ್ತಿದ್ದರು. ಪದವಿ ಕೈಗೆ ಬಂದ ದಿನಕ್ಕೆ ಓದು ಮುಗಿಯಿತೆಂಬ ಮಾತನ್ನು ಅವರು ಎಂದೂ ಒಪ್ಪಿದವರಲ್ಲ. ತಮ್ಮ ಉಳಿತಾಯದ ಒಂದು ಲಕ್ಷ ರೂಪಾಯಿಗಳನ್ನು ಮದ್ರಾಸ್ ವಿಶ್ವವಿದ್ಯಾನಿಲಯಕ್ಕಿತ್ತು, ಪತ್ನಿ ಶಾರದಾ ಅವರ ಹೆಸರಿನಲ್ಲಿ ಗ್ರಂಥಾಲಯಶಾಸ್ತ್ರದ ಪೀಠವನ್ನು ಏರ್ಪಡಿಸಿದರು. ಕೊನೆಯ ವರ್ಷಗಳನ್ನು ಕಳೆದುದು ಬೆಂಗಳೂರಿನಲ್ಲಿ. ಅಲ್ಲಿ 1962ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿದರು. 1965ರಲ್ಲಿ ಸರಕಾರವು ಅವರನ್ನು ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರನ್ನಾಗಿ ಮಾಡಿತು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿಯೇ ಅವರು ತೀರಿಕೊಂಡರು.

ನಮ್ಮ ಜಿಲ್ಲೆಗೆ ಅವರ ಋಣ ಇನ್ನೊಂದು ಬಗೆಯಲ್ಲಿಯೂ ಇದೆ. ಅವರ ದೀರ್ಘ ಪ್ರಯತ್ನದ ಫಲವಾಗಿ 1948ರಲ್ಲಿ ಮದ್ರಾಸ್ ಸಾರ್ವಜನಿಕ ಗ್ರಂಥಾಲಯಗಳ ಕಾನೂನು ಬಂದಿತು. 1956ರವರೆಗೆ ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡವು ಅದರ ವ್ಯಾಪ್ತಿಗೆ ಒಳಪಟ್ಟಿತು. ಕರ್ನಾಟಕವಾಗಿ ಹೆಸರು ಬದಲಿಸಿಕೊಳ್ಳುವ ಮೊದಲೇ, 1965ರಲ್ಲಿ, ಮೈಸೂರು ರಾಜ್ಯವೂ ಇಂಥದೇ ಕಾನೂನನ್ನು ಮಾಡಿತು.

ಇಷ್ಟನ್ನು ಇಂದು ನೆನೆಯಲು ಕಾರಣವಿದೆ. ಗ್ರಂಥಪಾಲಕರು ಕಲಿಯಬೇಕಾದುದು ಈಗ ರಂಗನಾಥನ್ನರ ಕಾಲಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿದೆ: ಗಣಕದ ಗ್ರಂಥಸೂಚಿ, ಅಂತರಜಾಲದ ನಿಯತಕಾಲಿಕಗಳು, ಹಳೆಯ ಪುಸ್ತಕಗಳ ಡಿಜಿಟಲೀಕರಣ. ಕಲಿಯುವ ದಾರಿಯೂ ಸುಲಭವಾಗಿದೆ. 2017ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಸ್ವಯಂ ಎಂಬ ಅಂತರಜಾಲದ ವ್ಯವಸ್ಥೆಯಲ್ಲಿ ಗ್ರಂಥಾಲಯಶಾಸ್ತ್ರದ ಪಾಠಗಳೂ ಸೇರಿವೆ. ಲಂಡನ್ನಿಗೆ ಹಡಗು ಹತ್ತಬೇಕಾಗಿಲ್ಲ. ಸಾಲಿಗ್ರಾಮದ ಮನೆಯ ಜಗಲಿಯಲ್ಲಿ ಕುಳಿತೇ ಕಲಿಯಬಹುದು. ಒಬ್ಬಂಟಿಯಾಗಿ ಕಲಿಯುವುದೇನೆಂಬುದನ್ನು ಈ ಊರು ಅರಿಯದುದೂ ಅಲ್ಲ. ತಾವೇ ಓದಿ, ತಾವೇ ಕಂಡು, ಮಕ್ಕಳಿಗಾಗಿ ಬಾಲಪ್ರಪಂಚವನ್ನು ಬರೆದ ಶಿವರಾಮ ಕಾರಂತರು ತಮ್ಮ ಮುಪ್ಪಿನ ದಿನಗಳನ್ನು ಕಳೆದುದು ಇಲ್ಲಿಯೇ.

ಆದರೆ ಕಾರಂತರಂಥವರು ಶತಮಾನಕ್ಕೊಬ್ಬರು. ನಾನು ಬಲ್ಲ ಗ್ರಂಥಪಾಲಕರು ದಿನವಿಡೀ ಪುಸ್ತಕ ಕೊಟ್ಟು, ತೆಗೆದುಕೊಂಡು, ಕಛೇರಿಯ ಬೇರೆ ಕೆಲಸಗಳನ್ನೂ ಹೊತ್ತು, ರಾತ್ರಿಯ ಊಟವಾದ ಮೇಲೆ ಮೊಬೈಲಿನ ಸಣ್ಣ ಪರದೆಯಲ್ಲಿ ಪಾಠ ಕೇಳುವವರು. ಅದಕ್ಕೆ ರಜೆಯಿಲ್ಲ, ಕೇಳಿದ ಪಾಠವನ್ನು ಪ್ರಯೋಗಿಸಿ ನೋಡಲು ಸಲಕರಣೆಯಿಲ್ಲ, ಸಂದೇಹ ಬಂದರೆ ವಿಚಾರಿಸಲು ಬಳಿಯಲ್ಲಿ ಜೊತೆಗಾರರಿಲ್ಲ. ಪಾಠ ಮನೆ ಬಾಗಿಲಿಗೆ ಬಂದಿದೆಯೆಂದು ಹೇಳಿ, ಕಲಿಸುವ ಹೊಣೆಯಿಂದ ಸಂಸ್ಥೆಗಳು ಕೈತೊಳೆದುಕೊಂಡರೆ ಅದು ನ್ಯಾಯವಾಗದು.

ರಂಗನಾಥನ್ನರ ಪ್ರತಿಭೆ ಅವರದೇ. ಆದರೆ ಆ ಪ್ರತಿಭೆ ಕಣ್ತೆರೆಯಲು ಬೇಕಾದ ತಿಂಗಳುಗಳನ್ನು ಕೊಟ್ಟುದು ಅವರನ್ನು ನೇಮಿಸಿದ ವಿಶ್ವವಿದ್ಯಾನಿಲಯ. ಕೆಲಸ ಬೇಡವೆಂದು ಬಂದವರನ್ನು ಅದು ಕಲಿಯಲು ಕಳುಹಿಸಿತು. ಕಲಿತು ಬಂದವರು ದೇಶಕ್ಕೇ ಗುರುಗಳಾದರು. ಇಂದಿನ ಗ್ರಂಥಪಾಲಕರು ಕೇಳುವುದು ಹಡಗಿನ ಪ್ರಯಾಣವನ್ನಲ್ಲ. ವಾರಕ್ಕೆ ಕೆಲವು ಗಂಟೆಗಳ ಬಿಡುವು, ಒಂದು ಒಳ್ಳೆಯ ಗಣಕಯಂತ್ರ, ತಾಲ್ಲೂಕಿನ ಸಹೋದ್ಯೋಗಿಗಳೊಡನೆ ತಿಂಗಳಿಗೊಮ್ಮೆ ಕುಳಿತು ಮಾತಾಡುವ ಅವಕಾಶ, ಇಷ್ಟೆ. ಮುಂದಿನ ಆಗಸ್ಟ್ 12ರಂದು ಭಾವಚಿತ್ರಕ್ಕೆ ಮಾಲೆ ಹಾಕುವ ಆಡಳಿತದವರು ಇಷ್ಟನ್ನು ಮಂಜೂರು ಮಾಡಿದರೆ ಆ ಮಾಲೆ ಸಾರ್ಥಕವಾದೀತು.