ಲೆಕ್ಕಕ್ಕೆ ಸಿಗದ ಸೇವೆ: ಕಿಟ್ಟೆಲ್ ಅವರ ಜೀವನದಿಂದ

ಮುದನಾಳ, ಯಾದಗಿರಿ, ಶಹಾಪುರ ಬಿಟ್ಟು ಬೆಂಗಳೂರು, ಹೈದರಾಬಾದ್ ಸೇರಿದವರು ಇವತ್ತು ಬಹಳ ಮಂದಿ ಬಂದೀರಿ. ದೇವರಿಗೆ ಸ್ತೋತ್ರ. ಮುಂದಿನ ಸಾಲಿನಲ್ಲಿ ಜಾಗ ಅದ, ಬಂದು ಕೂಡ್ರಿ.

ನಿಮ್ಮಲ್ಲಿ ಕೆಲವರು ಎಂ.ಜಿ. ರಸ್ತೆಯಲ್ಲಿ ಮೇಯೊ ಹಾಲ್ ಹತ್ತಿರ ಒಂದು ಪ್ರತಿಮೆ ನೋಡಿರ್ತೀರಿ. ಆಸ್ಟಿನ್ ಟೌನ್ ಕಡೆ ಮನೆ ಮಾಡಿದವರಿಗೆ ಕಿಟ್ಟೆಲ್ ನಗರ ಅನ್ನೋ ಹೆಸರೂ ಗೊತ್ತಿರ್ತದ. ನಿಘಂಟು ಬರೆದ ಜರ್ಮನ್ ಪಂಡಿತ ಅಂತ ಶಾಲೆಯಲ್ಲಿ ಓದಿದ್ದೇವೆ, ಅಷ್ಟಕ್ಕೇ ಬಿಟ್ಟಿದ್ದೇವೆ. ಆದರೆ ಆತ ನಿಘಂಟು ಬರೆಯೋದಕ್ಕೆ ಹಡಗು ಹತ್ತಿದವನಲ್ಲ, ಪ್ರಿಯರೇ. ಸುವಾರ್ತೆ ಸಾರೋದಕ್ಕೆ ಹತ್ತಿದವನು. ಆ ಸಾರುವ ಕೆಲಸದಲ್ಲಿ ಆತನಿಗೆ ಏನಾಯಿತು ಅನ್ನೋದನ್ನೇ ಇವತ್ತು ನೋಡೋಣ.

ಫರ್ಡಿನೆಂಡ್ ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರದ ಸಮುದ್ರ ತೀರದ ಒಂದು ಸಣ್ಣ ಊರಿನಲ್ಲಿ. ತಂದೆ ಪಾದ್ರಿ. ಮಗ ಓದಿನಲ್ಲಿ ಜೋರು, ಅದರಲ್ಲೂ ಭಾಷೆಗಳು ಅಂದರೆ ಪ್ರಾಣ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನಲ್ಲಿ ತರಬೇತಿ ಪಡೆದು 1853ರಲ್ಲಿ ಇಂಡಿಯಾಕ್ಕೆ ಬಂದಾಗ ವಯಸ್ಸು 21. ಇಲ್ಲಿ ಕೂತಿರೋ ಎಷ್ಟೋ ತಮ್ಮಂದಿರ ವಯಸ್ಸು. ಆಗ ಸೂಯೆಜ್ ಕಾಲುವೆ ತೋಡಿರಲಿಲ್ಲ. ಮನೆಗೆ ಬರೆದ ಕಾಗದಕ್ಕೆ ಉತ್ತರ ಬರಬೇಕಾದರೆ ತಿಂಗಳುಗಟ್ಟಲೆ ಕಾಯಬೇಕು. ನಾವು ನೀಲಿ ಗೆರೆ ಬರಲಿಲ್ಲ ಅಂತ ಹತ್ತು ನಿಮಿಷಕ್ಕೆ ಚಡಪಡಿಸ್ತೀವಿ!

ಧಾರವಾಡ, ಹುಬ್ಬಳ್ಳಿ ಸೀಮೆಗೆ ಬಂದ ಹುಡುಗ ಮೊದಲು ಮಾಡಿದ್ದು ಕಿವಿ ತೆರೆದದ್ದು. ಊರೂರು ತಿರುಗಿ ಜನ ಆಡೋ ಮಾತು, ಗಾದೆ, ಹಾಡು ಕೇಳಿದ. ಲಿಂಗಾಯತರ ಪುರಾಣ, ಜೈನರ ಕಾವ್ಯ, ದಾಸರ ಪದ, ಎಲ್ಲವನ್ನೂ ಕನ್ನಡದಲ್ಲೇ ಓದೋದಕ್ಕೆ ಕೂತ. ಆತನ ಮನಸ್ಸಿನಲ್ಲಿದ್ದ ವಿಚಾರ ಸರಳ. ಇಂಡಿಯಾದವರ ನಡುವೆ ಇಂಡಿಯಾದವನ ಹಾಗೇ ಬದುಕಬೇಕು, ಅವರ ಮನಸ್ಸು ಏನನ್ನು ನಂಬ್ತದ ಅಂತ ತಿಳೀದೆ ಅವರಿಗೆ ಯೇಸುವನ್ನು ಹೇಳೋದು ಹೆಂಗ? ಪೌಲನೂ ಅಥೇನೆ ಪಟ್ಟಣದಲ್ಲಿ ಮೊದಲು ಬೀದಿ ಸುತ್ತಿ ನೋಡಿದ, ಆಮೇಲೆ ಬಾಯಿ ತೆರೆದ. ಅಪೊಸ್ತಲರ ಕೃತ್ಯಗಳು 17ನೇ ಅಧ್ಯಾಯ, ಮನೆಗೆ ಹೋಗಿ ಓದಿಕೊಳ್ರಿ.

ಆದರೆ ಇಲ್ಲೇ ಪರೀಕ್ಷೆ ಶುರುವಾಯಿತು. ಕಾಡಿನ ಹುಲಿಯಿಂದ ಅಲ್ಲ, ಜ್ವರದಿಂದಲೂ ಅಲ್ಲ, ಸ್ವಂತ ಸಹೋದರರಿಂದ. ಬಾಸೆಲ್‌ನಲ್ಲಿ ಕೂತಿದ್ದ ಹಿರಿಯರು ಬಹಳ ಶಿಸ್ತಿನವರು. ಸೇವಕ ಎಲ್ಲಿ ಇರಬೇಕು, ಯಾವಾಗ ಮದುವೆಯಾಗಬೇಕು ಅನ್ನೋದಕ್ಕೂ ಅವರ ಅಪ್ಪಣೆ ಬೇಕಿತ್ತು. ಅವರಿಗೆ ಬೇಕಾದದ್ದು ಸಭೆ, ಶಾಲೆ, ದೀಕ್ಷಾಸ್ನಾನದ ಲೆಕ್ಕ. ಈ ಹುಡುಗ ನೋಡಿದರೆ ತಾಳೆಗರಿ ಹಿಡಿದು ಕೂತಾನೆ. ಅವರನ್ನು ಕೆಟ್ಟವರು ಅಂತ ನಾನು ಹೇಳಲಾರೆ. ಬಡ ವಿಶ್ವಾಸಿಗಳು ಕೊಟ್ಟ ಕಾಸಿಗೆ ಅವರು ಲೆಕ್ಕ ಒಪ್ಪಿಸಬೇಕಿತ್ತು. ಕಿಟ್ಟೆಲ್ ಕೂಡ ಹೇಳಿದ್ದಕ್ಕೆಲ್ಲ ತಲೆಯಾಡಿಸೋ ಮೆದು ಮನುಷ್ಯ ಆಗಿರಲಿಲ್ಲ. ಒಟ್ಟಿನಲ್ಲಿ ತನ್ನ ಮಿಷನ್ನಿನ ಒಳಗೇ ಆತ ಮೂಲೆಗೆ ಸರಿದ. ಯಾವ ಕೆಲಸಕ್ಕಾಗಿ ಮನೆ ಬಿಟ್ಟು ಬಂದನೋ ಆ ಕೆಲಸಕ್ಕೇ ನೀನು ತಕ್ಕವನಲ್ಲ ಅನ್ನೋ ಹಾಗೆ ನಿನ್ನವರೇ ನೋಡಿದರೆ ಹೇಗಿರ್ತದ, ಯೋಚನೆ ಮಾಡ್ರಿ. ಆಫೀಸಿನಲ್ಲಿ ಅಪ್ರೈಸಲ್ ಕೆಟ್ಟರೆ ಬೇರೆ ಕಂಪನಿ ಹುಡುಕಬಹುದು. ಆತ ಎಲ್ಲಿಗೆ ಹೋಗಬೇಕು?

1860ರಲ್ಲಿ ಪೌಲೀನ ಎಂಬ ಸಹೋದರಿಯನ್ನು ಮದುವೆಯಾದ. ಎರಡು ವರ್ಷಕ್ಕೆ, 1862ರಲ್ಲಿ, ಯೇಸುವಿನ ಜೀವನವನ್ನು ಕನ್ನಡ ಪದ್ಯದಲ್ಲಿ ಬರೆದ ಕಥಾಮಾಲೆ ಪ್ರಕಟವಾಯಿತು. ಜರ್ಮನ್ ರಾಗಕ್ಕೆ ಕನ್ನಡ ಮಾತು ತುರುಕಿದ್ದಲ್ಲ, ನಮ್ಮ ಛಂದಸ್ಸಿನಲ್ಲೇ ಕಟ್ಟಿದ ಪದ್ಯ. ಬೇರೆ ಭಾಷೆಯ ಹಾಡಿನ ಸಾಲು ಎತ್ತಿ ಕನ್ನಡ ಅಂಟಿಸೋ ನಮ್ಮ ವರ್ಷಿಪ್ ಟೀಮಿನ ತಮ್ಮಂದಿರು ಇದನ್ನು ಗಮನಿಸಬೇಕು, ಬೇಜಾರು ಮಾಡ್ಕೋಬೇಡ್ರಿ. 1864ರಲ್ಲಿ ಪೌಲೀನ ತೀರಿಹೋದಳು. ಮದುವೆಯಾಗಿ ನಾಲ್ಕೇ ವರ್ಷ, ಆತನಿಗೆ 32. ಮಿಷನ್ನಿನಲ್ಲಿ ಬೆಲೆ ಇಲ್ಲ, ಮನೆಯಲ್ಲಿ ಹೆಂಡತಿ ಇಲ್ಲ.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಆ ರಾತ್ರಿಗಳಲ್ಲಿ ಆತ ಏನು ಪ್ರಾರ್ಥಿಸಿದ ಅಂತ ಕಥೆ ಕಟ್ಟಿ ಹೇಳೋದು ಸುಲಭ, ನಾನು ಕಟ್ಟೋದಿಲ್ಲ. ಆತ ಮಾಡಿದ ಕೆಲಸ ನಮ್ಮ ಕಣ್ಣ ಮುಂದೆ ಅದ. ಕೆಲಸ ಬಿಡಲಿಲ್ಲ. ಕೆಲವು ವರ್ಷಗಳ ಮೇಲೆ ಪೌಲೀನಳ ತಂಗಿ ಜೂಲಿಯನ್ನೇ ಮದುವೆಯಾದ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿ ಸಂಪಾದಿಸಿ ಅಚ್ಚು ಹಾಕಿಸಿದ. ನಡುವೆ ಹೊತ್ತದ್ದು ನಿಘಂಟಿನ ಭಾರ. 1832ರಲ್ಲೇ ವಿಲಿಯಂ ರೀವ್ ಎಂಬ ಲಂಡನ್ ಮಿಷನ್ ಸೇವಕರು ಒಂದು ನಿಘಂಟು ತಂದಿದ್ದರು, ಅವರು ನಮ್ಮ ಬಳ್ಳಾರಿಯಲ್ಲಿ ಸೇವೆ ಮಾಡಿದವರು. ಕಿಟ್ಟೆಲ್ ಅದಕ್ಕಿಂತ ಬಹಳ ಆಳಕ್ಕೆ ಇಳಿದರು. ಒಂದು ಶಬ್ದ ಎಲ್ಲಿಂದ ಬಂತು, ಯಾವ ಕಾವ್ಯದಲ್ಲಿ ಅದ, ಯಾವ ಗಾದೆಯಲ್ಲಿ ಅದ, ತಮಿಳು, ತೆಲುಗು, ತುಳುವಿನಲ್ಲಿ ಅದರ ಬಂಧು ಯಾವುದು, ಎಲ್ಲವನ್ನೂ ಒಂದೊಂದಾಗಿ. ಕಂಪ್ಯೂಟರ್ ಇಲ್ಲ, ಕೈಬರಹ. ನಮ್ಮ ಪಂಡಿತರು ಜೊತೆಗೆ ಕೂತು ದುಡಿದರು, ಅವರನ್ನು ಮರೆಯಬಾರದು.

1877ರಲ್ಲಿ ಜರ್ಮನಿಗೆ ಹೋದರು. ಅಲ್ಲೇ ಆರಾಮಾಗಿ ಇರಬಹುದಿತ್ತು. ಕೆಲಸ ಅಲ್ಲಿ ಕೂತು ಮುಗಿಯೋ ಹಾಗಿರಲಿಲ್ಲ, ಅದಕ್ಕೆ 1883ರಲ್ಲಿ, 51ನೇ ವಯಸ್ಸಿನಲ್ಲಿ, ಮತ್ತೆ ಇಂಡಿಯಾಕ್ಕೆ ಬಂದರು. 1894ರಲ್ಲಿ ಮಂಗಳೂರಿನಲ್ಲಿ ನಿಘಂಟು ಅಚ್ಚಾಯಿತು. ಸುಮಾರು 70,000 ಶಬ್ದ, 1,700ಕ್ಕೂ ಹೆಚ್ಚು ಪುಟ. ಎರಡು ವರ್ಷದ ಮೇಲೆ ಟ್ಯೂಬಿಂಗನ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತು.

ಒಬ್ಬ ತಮ್ಮ ನನ್ನ ಕೇಳಿದ, ಅಣ್ಣಾ, ಇದು ಸೇವೆ ಹೆಂಗಾಗ್ತದ, ಎಷ್ಟು ಆತ್ಮಗಳು ಬಂದವು ಅಂತ. ನ್ಯಾಯವಾದ ಪ್ರಶ್ನೆ. ನಾವು ಆತ್ಮಗಳಿಗಾಗಿ ಉಪವಾಸ ಮಾಡೋ ಜನ, ಆ ಭಾರ ನನಗೂ ಅದ. ಆದರೆ ಯೆರೆಮೀಯನನ್ನು ನೋಡು ತಮ್ಮಾ. ನಲವತ್ತು ವರ್ಷ ಸಾರಿದ, ಯೆರೂಸಲೇಮು ಕೇಳಲಿಲ್ಲ, ಬಾವಿಗೆ ಇಳಿಸಿದರು. ಆತನನ್ನು ಪ್ರವಾದಿಗಳ ಪಟ್ಟಿಯಿಂದ ತೆಗೀತೀಯೇನು? ಕಿಟ್ಟೆಲ್ ನಮ್ಮ ಪಂಗಡದವರೂ ಅಲ್ಲ, ಅಜೂಸಾ ಬೀದಿಯ ಉಜ್ಜೀವನ 1906ರದ್ದು, ಅಷ್ಟೊತ್ತಿಗೆ ಇವರು ತೀರಿ ಮೂರು ವರ್ಷ. ಆದರೂ ನನಗೆ ಈ ಮನುಷ್ಯ ಬೇಕು. ಯಾಕಂದರೆ ನಿಮ್ಮಲ್ಲಿ ಎಷ್ಟೋ ಜನ ನನ್ನ ಹತ್ತಿರ ಬಂದು ಅಳ್ತೀರಿ: ಕೋಡ್ ಬರೀತೀನಿ, ಆಸ್ಪತ್ರೆಯಲ್ಲಿ ನೈಟ್ ಶಿಫ್ಟ್ ಮಾಡ್ತೀನಿ, ದೇವರು ಕರೆದದ್ದು ಇದಕ್ಕೇನಾ ಅಂತ. ಕೆಲವರಿಗೆ ಸಭೆಯವರೇ ಚುಚ್ಚಿ ಮಾತಾಡಿದ್ದಾರೆ.

1903ರಲ್ಲಿ ಕಿಟ್ಟೆಲರ ಕನ್ನಡ ವ್ಯಾಕರಣ ಹೊರಬಂತು. ಅದೇ ವರ್ಷ ಡಿಸೆಂಬರಿನಲ್ಲಿ, 71ನೇ ವಯಸ್ಸಿನಲ್ಲಿ, ಟ್ಯೂಬಿಂಗನ್ನಿನಲ್ಲಿ ಕರ್ತನ ಬಳಿಗೆ ಹೋದರು.

ಹಾಗೆ ಚುಚ್ಚು ಮಾತು ಕೇಳಿ ಬಂದವರು ಯಾರಾದರೂ ಇದ್ದರೆ ಪ್ರಾರ್ಥನೆ ಮುಗಿದ ಮೇಲೆ ಹೋಗಬೇಡ್ರಿ, ಇಲ್ಲೇ ಇರ್ರಿ, ಕೂತು ಮಾತಾಡೋಣ. ಈಗ ಎಲ್ಲರೂ ಎದ್ದು ನಿಲ್ರಿ.