ಗಿಡಕ್ಕೂ ಗ್ರಂಥಕ್ಕೂ ನಂಟು ಬೆಸೆದ ಬಿ.ಜಿ.ಎಲ್. ಸ್ವಾಮಿ

ತುಮಕೂರು: ತುಂಬೆ ಗಿಡಗಳು ಹೇರಳವಾಗಿದ್ದುದರಿಂದ ಈ ಊರಿಗೆ ತುಮಕೂರು ಎಂಬ ಹೆಸರು ಬಂತು ಎಂಬುದು ಜನಜನಿತ ಮಾತು. ಅಲ್ಲ, ತಮಟೆಯಿಂದ ಬಂತು ಎನ್ನುವವರೂ ಇದ್ದಾರೆ. ಶಿವನ ಪೂಜೆಗೂ ನೆಗಡಿ, ಕೆಮ್ಮಿನ ಮನೆಮದ್ದಿಗೂ ಸಲ್ಲುವ ಪುಟ್ಟ ಬಿಳಿ ಹೂವೊಂದು ಊರಿನ ಹೆಸರಿನಲ್ಲಿ ಅಡಗಿದೆ ಎಂಬುದು ಹಿತವಾದ ಕಲ್ಪನೆ. ಆದರೆ ಕಿವಿಗೆ ಹಿತವಾದದ್ದೆಲ್ಲ ನಿಜವಾಗಬೇಕಿಲ್ಲ. ಗುಬ್ಬಿ ತಾಲ್ಲೂಕಿನ ಹಾಗಲವಾಡಿಯ ಹೆಸರಿನಲ್ಲಿ ಹಾಗಲದ ಬಳ್ಳಿಯನ್ನು ಕಾಣುವವರಿಗೂ ಇದೇ ಮಾತು ಅನ್ವಯ.

ಹೆಸರು ಕೇಳಿ ಗಿಡವನ್ನು ಊಹಿಸುವುದು ಸುಲಭ. ಗಿಡವನ್ನು ಕಣ್ಣಾರೆ ನೋಡಿ, ಗ್ರಂಥವನ್ನು ಓದಿ, ಅದರ ಕಾಲವನ್ನು ಲೆಕ್ಕಹಾಕಿ ತೀರ್ಮಾನಕ್ಕೆ ಬರುವುದು ಕಷ್ಟ. ಈ ಕಷ್ಟದ ದಾರಿಯನ್ನು ಕನ್ನಡ ಓದುಗರಿಗೆ ನಗುನಗುತ್ತಲೇ ತೋರಿಸಿಕೊಟ್ಟವರು ಸಸ್ಯವಿಜ್ಞಾನಿ, ಸಾಹಿತಿ ಡಾ. ಬಿ.ಜಿ.ಎಲ್. ಸ್ವಾಮಿ. ಅವರು ತುಮಕೂರು ಸೀಮೆಯವರಲ್ಲ. ಆದರೆ ಊರಿನ ಹೆಸರಿನಿಂದ ಹಿಡಿದು ಸಂತೆಯ ತರಕಾರಿ, ಅಂಗಡಿಯ ಔಷಧಿಯವರೆಗೆ ಇಲ್ಲಿನ ಜನರ ನಿತ್ಯಜೀವನದ ಹತ್ತಾರು ಪ್ರಶ್ನೆಗಳಿಗೆ ಅವರ ವಿಧಾನ ಇಂದಿಗೂ ಕೈದೀವಿಗೆಯಾಗಿದೆ.

ಡಿವಿಜಿ ಅವರ ಮಗ

ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ ಜನಿಸಿದ್ದು 1918ರ ಫೆಬ್ರುವರಿ 5ರಂದು. ತಂದೆ, ‘ಮಂಕುತಿಮ್ಮನ ಕಗ್ಗ’ದ ಕರ್ತೃ ಡಿ.ವಿ. ಗುಂಡಪ್ಪ. ಸಾಹಿತ್ಯ, ವೇದಾಂತ, ಪತ್ರಿಕೋದ್ಯಮ ಮೂರೂ ನೆಲೆಸಿದ್ದ ಮನೆಯಲ್ಲಿ ಬೆಳೆದ ಹುಡುಗ ಆರಿಸಿಕೊಂಡದ್ದು ಸಸ್ಯಶಾಸ್ತ್ರವನ್ನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಆರ್ಕಿಡ್ ಗಿಡಗಳ ಭ್ರೂಣಶಾಸ್ತ್ರದಲ್ಲಿ ಸಂಶೋಧನೆ ನಡೆಸಿ ಚಿಕ್ಕ ವಯಸ್ಸಿನಲ್ಲೇ ಹೆಸರು ಗಳಿಸಿದರು.

1940ರ ದಶಕದ ಕೊನೆಯಲ್ಲಿ ಅವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ತೆರಳಿ, ಪ್ರಸಿದ್ಧ ಸಸ್ಯವಿಜ್ಞಾನಿ ಇರ್ವಿಂಗ್ ಬೈಲಿ ಅವರೊಂದಿಗೆ ದುಡಿದರು. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯ ದ್ವೀಪದಲ್ಲಷ್ಟೇ ಬೆಳೆಯುವ ಆಂಬೊರೆಲ್ಲ ಎಂಬ ಗಿಡದ ಬಗ್ಗೆ ಇಬ್ಬರೂ ಸೇರಿ 1948ರಲ್ಲಿ ಪ್ರಬಂಧ ಪ್ರಕಟಿಸಿದರು. ಬಹುತೇಕ ಹೂಗಿಡಗಳ ಕಾಂಡದಲ್ಲಿ ನೀರು ಸಾಗಿಸಲು ಇರುವಂಥ ನಾಳಗಳು ಈ ಗಿಡದಲ್ಲಿಲ್ಲ ಎಂಬುದು ಅದರ ಮುಖ್ಯಾಂಶ. ಅರ್ಧ ಶತಮಾನದ ನಂತರ, 1999ರಲ್ಲಿ, ಡಿಎನ್‌ಎ ಅಧ್ಯಯನಗಳು ಇದೇ ಆಂಬೊರೆಲ್ಲವನ್ನು ಹೂಬಿಡುವ ಸಸ್ಯಗಳ ವಂಶವೃಕ್ಷದಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದ ಕುಡಿ ಎಂದು ಗುರುತಿಸಿದವು.

ಗುರುವಿನ ನೆನಪಿಗೆ ಸ್ವಾಮಿ ಅವರು ಒಂದು ಸಸ್ಯಕ್ಕೆ ‘ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ’ ಎಂದು ಹೆಸರಿಟ್ಟರು. ಮತ್ತೊಂದಕ್ಕೆ ಭಾರತದ ಹಿರಿಯ ಸಸ್ಯವಿಜ್ಞಾನಿ ಪಂಚಾನನ ಮಹೇಶ್ವರಿ ಅವರ ಹೆಸರು ಬಂತು.

1953ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ ಸೇರಿದ ಸ್ವಾಮಿ, ಮುಂದೆ ಅಲ್ಲಿಯೇ ಪ್ರಾಂಶುಪಾಲರೂ ಆದರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟದ ಕಾಡುಗಳನ್ನು ಅಲೆದರು. ಆ ಅಲೆದಾಟದ ಫಲವೇ ‘ಹಸಿರು ಹೊನ್ನು’. ಗಿಡದ ಲಕ್ಷಣ, ಅದರ ಉಪಯೋಗ, ಅದರ ಸುತ್ತ ಹೆಣೆದುಕೊಂಡ ಪುರಾಣ ಮತ್ತು ಕಾವ್ಯ, ಜತೆಗೆ ಹುಡುಗರ ತಂಟೆ ತಕರಾರು, ಲೇಖಕರೇ ಬರೆದ ರೇಖಾಚಿತ್ರ ಇವೆಲ್ಲ ಒಂದೇ ಪುಸ್ತಕದಲ್ಲಿ ಕೂಡಿ ಬಂದದ್ದು ಕನ್ನಡಕ್ಕೆ ಹೊಸದು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. 1967ರಲ್ಲಿ ಅದೇ ಪ್ರಶಸ್ತಿ ಪಡೆದಿದ್ದ ತಂದೆ, ಮಗನ ಈ ಗೌರವವನ್ನು ಕಾಣಲು ಉಳಿದಿರಲಿಲ್ಲ. ಡಿವಿಜಿ 1975ರಲ್ಲಿ ನಿಧನರಾಗಿದ್ದರು.

ಕಲ್ಲಿನ ಮೇಲಿನ ಗಿಡಮರ

ಸ್ವಾಮಿ ಅವರ ವಿದ್ವತ್ತಿನ ವೈಶಿಷ್ಟ್ಯ ಕಾಣುವುದು ಶಾಸನಗಳ ಅಧ್ಯಯನದಲ್ಲಿ. ಶಾಸನವೆಂದರೆ ರಾಜರ ಬಿರುದು, ಯುದ್ಧ, ದಾನಗಳ ಪಟ್ಟಿ ಎಂದೇ ಬಹುಮಂದಿ ಭಾವಿಸುತ್ತಾರೆ. ಆದರೆ ದಾನ ಕೊಟ್ಟ ಭೂಮಿಯ ಎಲ್ಲೆ ಹೇಳುವಾಗ ಮರಗಳ ಹೆಸರು ಬರುತ್ತವೆ. ದೇಗುಲಕ್ಕೆ ಬಿಟ್ಟ ತೋಟದ ಮಾತು ಬಂದಾಗ ಅಡಕೆ, ತೆಂಗು, ವೀಳ್ಯದೆಲೆ ಕಾಣುತ್ತವೆ. ಸುಂಕದ ವಿವರದಲ್ಲಿ ಮೆಣಸು ಇಣುಕುತ್ತದೆ. ತಾಳೆಗರಿಯ ಗ್ರಂಥವಾದರೆ ಪ್ರತಿ ಮಾಡುವವರ ಕೈಯಲ್ಲಿ ಹೊಸ ಪದ್ಯ ಸೇರಿಕೊಂಡೀತು. ಕಲ್ಲಿನಲ್ಲಿ ಕೊರೆದದ್ದಕ್ಕೆ ಆ ಭಯ ಕಡಿಮೆ, ಬಹಳಷ್ಟು ಕಡೆ ತೇದಿಯೂ ಇರುತ್ತದೆ. ಯಾವ ಗಿಡ ಯಾವ ಕಾಲದಲ್ಲಿ ನಮ್ಮಲ್ಲಿತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇರಿಲ್ಲ.

ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕ’ದ 12ನೇ ಸಂಪುಟವಾಗಿ 1904ರಲ್ಲೇ ಪ್ರಕಟಿಸಿದ್ದರು. ಇಂಥ ಶಾಸನಗಳನ್ನು ಇತಿಹಾಸಕಾರರು ಅರಸರಿಗಾಗಿ ಓದಿದರೆ, ಸ್ವಾಮಿ ಗಿಡಗಳಿಗಾಗಿ ಓದಿದರು. ಭಾರತದ ಸಸ್ಯವಿಜ್ಞಾನದ ಇತಿಹಾಸಕ್ಕೆ ಶಾಸನಗಳು ಹೇಗೆ ಆಕರವಾಗಬಲ್ಲವು ಎಂಬುದನ್ನು ವಿವರಿಸುವ ಅವರ ಇಂಗ್ಲಿಷ್ ಪ್ರಬಂಧ 1973ರಲ್ಲಿ ಪ್ರಕಟವಾಯಿತು. ಕನ್ನಡದಲ್ಲಿ ‘ಶಾಸನಗಳಲ್ಲಿ ಗಿಡಮರಗಳು’ ಬಂತು. ದೇವಸ್ಥಾನಗಳ ಸ್ಥಳವೃಕ್ಷಗಳ ಬಗ್ಗೆಯೂ ಅವರು ಬರೆದರು.

ಇದೇ ಸರಣಿಯಲ್ಲಿ ಅವರು ಎತ್ತಿಕೊಂಡ ಅತಿ ಜಟಿಲ ವಿಷಯ ಋಗ್ವೇದದ ಸೋಮ. ದೇವತೆಗಳ ಪಾನೀಯವೆಂದು ಸ್ತುತಿಸಲಾದ ಈ ಸಸ್ಯ ಯಾವುದು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಎಲೆಯಿಲ್ಲದ ಬಳ್ಳಿ ಎಂದವರುಂಟು, ಎಫೆಡ್ರ ಎಂದವರುಂಟು. 1968ರಲ್ಲಿ ಗಾರ್ಡನ್ ವಾಸನ್ ಎಂಬ ಅಮೆರಿಕನ್ ಸಂಶೋಧಕ ಅದು ಒಂದು ಬಗೆಯ ಅಣಬೆ ಎಂದು ವಾದಿಸಿ ದೊಡ್ಡ ಚರ್ಚೆ ಎಬ್ಬಿಸಿದ್ದ. ಸ್ವಾಮಿ ಅವರ ಸುದೀರ್ಘ ಪ್ರಬಂಧ 1976ರಲ್ಲಿ ಹೊರಬಂತು. ವೇದದ ಮಾತು ಮತ್ತು ಸಸ್ಯದ ಲಕ್ಷಣ ಎರಡನ್ನೂ ಬಲ್ಲ ಭಾರತೀಯನೊಬ್ಬ ಆ ಚರ್ಚೆಗೆ ಇಳಿದದ್ದೇ ಅದರ ಮಹತ್ವ.

ಸಂತೆಯಲ್ಲಿ ಕಾಣುವ ಅಮೆರಿಕ

ಸ್ವಾಮಿ ಅವರ ಈ ವಿಧಾನ ಸಾಮಾನ್ಯ ಓದುಗರ ಅಡುಗೆಮನೆಗೇ ಬಂದು ತಲುಪಿದ್ದು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಎಂಬ ಪುಸ್ತಕದ ಮೂಲಕ. ಗುಬ್ಬಿ, ಕುಣಿಗಲ್‌ ಸಂತೆಗಳಲ್ಲಿ ಸಾಲಾಗಿ ಮಾರಾಟವಾಗುವ ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ, ಕಡಲೆಕಾಯಿ, ಸೀಬೆ, ಪರಂಗಿ ಹಣ್ಣುಗಳೆಲ್ಲ ಮೂಲತಃ ಅಮೆರಿಕ ಖಂಡಗಳಿಂದ ಬಂದವು. ಕೊಲಂಬಸ್ 1492ರಲ್ಲಿ ಅತ್ತ ತಲುಪುವ ಮುನ್ನ ಅವು ಈ ನೆಲದವರಿಗೆ ಅಪರಿಚಿತ. ಬಹುತೇಕ ಪೋರ್ಚುಗೀಸರ ಹಡಗುಗಳಲ್ಲಿ ಅವು ಇತ್ತ ಬಂದವು.

ಹೆಸರುಗಳೇ ಈ ಕಥೆ ಹೇಳುತ್ತವೆ. ಪರಂಗಿಯವರು ತಂದದ್ದು ಪರಂಗಿ ಹಣ್ಣು. ಖಾರದ ಹೊಸ ಕಾಯಿಗೆ ಹಳೆಯ ಮೆಣಸಿನ ಹೆಸರೇ ಸಂದು ಮೆಣಸಿನಕಾಯಿ ಆಯಿತು. ಆ ಬಳಿಕ ಮೂಲ ಮೆಣಸು ತನ್ನ ಗುರುತಿಗಾಗಿ ‘ಕರಿ’ ಎಂಬ ವಿಶೇಷಣ ಹಚ್ಚಿಕೊಳ್ಳಬೇಕಾಯಿತು.

ಇದರಿಂದ ಸಾಹಿತ್ಯ ಚರಿತ್ರೆಗೊಂದು ಒರೆಗಲ್ಲು ಸಿಗುತ್ತದೆ. 12ನೇ ಶತಮಾನದ್ದೆಂದು ಹೇಳಿಕೊಳ್ಳುವ ಕೃತಿಯಲ್ಲಿ ಮೆಣಸಿನಕಾಯಿಯೋ ಪರಂಗಿ ಹಣ್ಣೋ ಕಂಡರೆ, ಒಂದೋ ಆ ಭಾಗ ಆಮೇಲೆ ಸೇರಿದ್ದು, ಇಲ್ಲವೇ ಕೃತಿಯ ಕಾಲವನ್ನೇ ಮರುಪರಿಶೀಲಿಸಬೇಕು.

ಇಂಥ ಎಚ್ಚರ ಎಷ್ಟು ಅಗತ್ಯ ಎಂಬುದು ಸ್ವಾಮಿ ಅವರು ತೀರಿಕೊಂಡು ಒಂಬತ್ತು ವರ್ಷಗಳ ಬಳಿಕ ಮತ್ತೆ ಕಂಡಿತು. ಸೋಮನಾಥಪುರದ 13ನೇ ಶತಮಾನದ ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆ ಎಂದು ಅಮೆರಿಕದ ವಿದ್ವಾಂಸರು 1989ರಲ್ಲಿ ವಾದಿಸಿದರು. ಅಂದರೆ ಕೊಲಂಬಸ್‌ಗೂ ಮೊದಲೇ ಆ ಬೆಳೆ ಕರ್ನಾಟಕದಲ್ಲಿತ್ತು ಎಂದಂತಾಯಿತು. ಭಾರತದ ಕೃಷಿ ವಿಜ್ಞಾನಿಗಳು 1993ರಲ್ಲಿ ಅದನ್ನು ಅಲ್ಲಗಳೆದರು.

ಯಾವುದು ಅಶೋಕ?

ಹೆಸರಿನ ಗೊಂದಲ ಪಂಡಿತರ ಜಗಳವಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಅದು ಔಷಧಿಯ ಬಟ್ಟಲಿನವರೆಗೂ ಹರಿಯುತ್ತದೆ. ಸೀತೆ ಕುಳಿತ ವನದ, ಸುಂದರಿಯ ಪಾದ ತಾಗಿದರೆ ಅರಳುವುದೆಂದು ಸಂಸ್ಕೃತ ಕವಿಗಳು ಬಣ್ಣಿಸಿದ ಅಶೋಕ, ಕೆಂಪು ಕಿತ್ತಳೆ ಬಣ್ಣದ ಹೂಗೊಂಚಲಿನ ಮರ. ಅದರ ತೊಗಟೆ ಆಯುರ್ವೇದದಲ್ಲಿ ಸ್ತ್ರೀರೋಗಗಳಿಗೆ ಬಳಕೆಯಾಗುತ್ತದೆ. ನಗರಗಳ ಶಾಲೆ, ಕಚೇರಿಗಳ ಕಾಂಪೌಂಡಿನಲ್ಲಿ ಕಂಬದಂತೆ ನೇರವಾಗಿ ಬೆಳೆದು ಅದೇ ಹೆಸರಿನಿಂದ ಕರೆಸಿಕೊಳ್ಳುವ ಮರ ಬೇರೆಯೇ ಕುಟುಂಬದ್ದು, ಹೂವು ಹಸಿರು. ಅದರ ತೊಗಟೆ ಅಶೋಕದ ತೊಗಟೆಯಾಗಿ ಮಾರಾಟವಾಗುವುದು ಔಷಧ ವ್ಯಾಪಾರದ ಹಳೆಯ ಪಿಡುಗು. ಹಾಗೆಯೇ ಬಹುಮಂದಿ ಬ್ರಾಹ್ಮಿ ಎಂದು ಕರೆಯುವ ಒಂದೆಲಗಕ್ಕೆ ವೈದ್ಯಗ್ರಂಥಗಳಲ್ಲಿ ಮಂಡೂಕಪರ್ಣಿ ಎಂಬ ಬೇರೆ ಹೆಸರಿದೆ. ನೀರುಬ್ರಾಹ್ಮಿ ಇನ್ನೊಂದು ಗಿಡ.

ಕನ್ನಡಕ್ಕಂತೂ ಈ ಸಮಸ್ಯೆ ಹತ್ತಿರದ್ದು. 14ನೇ ಶತಮಾನದ ಮಂಗರಾಜ ವಿಷವೈದ್ಯವನ್ನು ಕುರಿತ ‘ಖಗೇಂದ್ರಮಣಿದರ್ಪಣ’ವನ್ನು ಕಾವ್ಯವಾಗಿಯೇ ಬರೆದ. ಅಂಥ ಕೃತಿಯ ಪದ್ಯದ ಅರ್ಥ ಹೇಳಬಲ್ಲ ಪಂಡಿತರಿಗೆ ಗಿಡದ ಗುರುತಿರುವುದಿಲ್ಲ, ಗಿಡ ಬಲ್ಲವರಿಗೆ ಹಳಗನ್ನಡ ಬರುವುದಿಲ್ಲ. ಹೆಸರು ತಪ್ಪಿದರೆ ಮದ್ದು ತಪ್ಪುತ್ತದೆ. ಸ್ವಾಮಿ ಅವರಲ್ಲಿ ಈ ಎರಡು ವಿದ್ಯೆಗಳು ಒಂದೇ ಮೇಜಿನ ಮೇಲಿದ್ದವು.

ನಿಷ್ಠುರ, ವಿನೋದ

ಈ ನಿಷ್ಠುರತೆಗೆ ಅವರು ಬೆಲೆಯನ್ನೂ ತೆತ್ತರು. ತಮಿಳು ಕಲಿತು, ಆ ಸಾಹಿತ್ಯವನ್ನು ಆಳವಾಗಿ ಓದಿಕೊಂಡ ಅವರು ಅದರ ಪ್ರಾಚೀನತೆಯ ಬಗೆಗಿನ ರೂಢಿಯ ಮಾತುಗಳನ್ನು ಮದ್ರಾಸಿನಲ್ಲಿದ್ದುಕೊಂಡೇ ಪ್ರಶ್ನಿಸಿದರು. ‘ತಮಿಳು ತಲೆಗಳ ನಡುವೆ’ ಆ ವಿವಾದದ ಕೂಸು. ಅವರ ಕಾಲನಿರ್ಣಯಗಳನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಅವರ ವ್ಯಂಗ್ಯದ ಮೊನೆ ಕೆಲವೆಡೆ ಅತಿಯಾಯಿತು ಎಂಬ ಆಕ್ಷೇಪವೂ ಇದೆ.

ವ್ಯಂಗ್ಯದಿಂದ ಅವರ ಸ್ವಂತ ವೃತ್ತಿಯೂ ಪಾರಾಗಲಿಲ್ಲ. ಕಾಲೇಜುಗಳ ಒಳರಾಜಕೀಯವನ್ನು ಬಯಲಿಗೆಳೆದ ‘ಕಾಲೇಜುರಂಗ’ 1976ರಲ್ಲಿ ಪುಟ್ಟಣ್ಣ ಕಣಗಾಲ್ ನಿರ್ದೇಶನದಲ್ಲಿ ಚಲನಚಿತ್ರವಾಯಿತು. ನಿವೃತ್ತಿಯ ನಂತರ ಮೈಸೂರು ವಿಶ್ವವಿದ್ಯಾಲಯದ ನಂಟಿನಲ್ಲಿ ಕಳೆದ ದಿನಗಳು ‘ಮೈಸೂರು ಡೈರಿ’ಗೆ ವಸ್ತುವಾದವು. ಬರವಣಿಗೆ ಇನ್ನೂ ಬಿರುಸಾಗಿ ಸಾಗಿದ್ದಾಗಲೇ, 1980ರ ನವೆಂಬರ್ 2ರಂದು, 62ನೇ ವಯಸ್ಸಿನಲ್ಲಿ ಅವರು ನಿಧನರಾದರು.

ಅವರು ಹಾಕಿಕೊಟ್ಟ ಕೆಲಸ ಮಾತ್ರ ಮುಗಿದಿಲ್ಲ. ತುಮಕೂರಿನ ಸಮೀಪದ ದೇವರಾಯನದುರ್ಗದ ಕಾಡಿನಲ್ಲಿ 1990ರ ದಶಕದಲ್ಲಿ ಔಷಧ ಸಸ್ಯ ಸಂರಕ್ಷಣಾ ಪ್ರದೇಶವನ್ನು ಗುರುತಿಸಲಾಯಿತು. ಕಾಡಿನ ಗಿಡಗಳನ್ನು ಉಳಿಸಿಕೊಳ್ಳುವುದು ಅರಣ್ಯ ಇಲಾಖೆಯ ಹೊಣೆ. ಆ ಗಿಡಗಳನ್ನು ಹಳೆಯ ಗ್ರಂಥಗಳಲ್ಲಿರುವ ಹೆಸರುಗಳಿಗೆ ತಪ್ಪಿಲ್ಲದೆ ಹೊಂದಿಸುವುದಕ್ಕೆ ಕಾಡನ್ನೂ ಕಾವ್ಯವನ್ನೂ ಬಲ್ಲ ಸ್ವಾಮಿ ಅವರಂಥವರೇ ಬೇಕು.